ಅಚ್ಚಿಗೆ ಹೋಗದ ಪುಸ್ತಕ

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ಇಬ್ಬರು ಹೆಂಗಸರು ಬಂದರು. ಒಬ್ಬರಿಗೆ ಎಪ್ಪತ್ತು ದಾಟಿತ್ತು. ಕೈಯಲ್ಲಿ ಬಿಳಿ ಕೋಲು, ಕಣ್ಣಿಗೆ ದಪ್ಪ ಗಾಜಿನ ಕನ್ನಡಕ. ಅವರ ಮೊಣಕೈ ಹಿಡಿದುಕೊಂಡು ಬಂದವಳು ತಂಗಿಯ ಮಗಳು, ಬ್ಯಾಂಕಿನಲ್ಲಿ ಕೆಲಸ ಮಾಡುವವಳು.

ಮೇಜಿನ ಹಿಂದಿದ್ದ ಹೆಡ್ ಕಾನ್‌ಸ್ಟೇಬಲ್ ಪೆನ್ನು ತೆಗೆದುಕೊಂಡ.

"ಏನು ಕಳುವಾಗಿದೆ ಅಮ್ಮ?"

"ಪುಸ್ತಕ."

"ಪುಸ್ತಕಾನಾ? ಅಂಗಡೀಲಿ ಇನ್ನೊಂದು ಸಿಗಲ್ವಾ?"

"ಸಿಗಲ್ಲಪ್ಪ. ಅದಿನ್ನೂ ಅಚ್ಚಾಗಿಲ್ಲ. ಬರೆದೋಳು ನಾನು."

ಪಕ್ಕದ ಕೋಣೆಯಲ್ಲಿದ್ದ ಇನ್‌ಸ್ಪೆಕ್ಟರಿಗೆ ಈ ಮಾತು ಕೇಳಿಸಿತು. ಅವರು ಎದ್ದು ಬಂದು, ಇಬ್ಬರನ್ನೂ ಒಳಗೆ ಕರೆದು ಕೂರಿಸಿದರು. ಮಹಿಳಾ ಕಾನ್‌ಸ್ಟೇಬಲ್ ಹೇಳಿಕೆ ಬರೆದುಕೊಳ್ಳಲು ಕುಳಿತಳು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ, ಡಿಗ್ರಿಯಲ್ಲಿ ಇತಿಹಾಸ ಓದಿ ಪರೀಕ್ಷೆ ಮುಗಿದ ಮಾರನೆಯ ದಿನವೇ ಅದನ್ನು ಮರೆತಿದ್ದವಳು.

ದೂರುದಾರರು ವಿಶ್ವವಿದ್ಯಾಲಯದ ನಿವೃತ್ತ ಪ್ರೊಫೆಸರ್. ಇಪ್ಪತ್ತೈದರ ವಯಸ್ಸಿನಲ್ಲಿ ಹಟ ಹಿಡಿದು ಹಳೆಯ ಟರ್ಕಿಶ್ ಭಾಷೆಯನ್ನೂ ಅದರ ಅರಬ್ಬೀ ಲಿಪಿಯನ್ನೂ ಕಲಿತು, ಆಟೊಮನ್ ಸಾಮ್ರಾಜ್ಯದ ಸಾಮಾಜಿಕ ಇತಿಹಾಸಕ್ಕೆ ಬದುಕನ್ನು ಮುಡಿಪಾಗಿಟ್ಟವರು. ಸುಲ್ತಾನರ ಯುದ್ಧಗಳ ಗೊಡವೆಗೆ ಅವರು ಹೋದವರಲ್ಲ. ಸಣ್ಣ ಊರುಗಳಲ್ಲಿ ಖಾಜಿಯ ನ್ಯಾಯಾಲಯಕ್ಕೆ ಬಂದು ನಿಂತ ರೊಟ್ಟಿ ಸುಡುವವರು, ನೀರು ಹೊರುವವರು, ಗಂಡನ ಮೇಲೆ ದೂರು ತಂದ ಹೆಂಗಸರು, ಗೋಡೆಯ ಜಗಳ ತಂದ ನೆರೆಹೊರೆಯವರು, ಇವರೇ ಅವರ ಜನ. ಆ ದಾಖಲೆಗಳನ್ನು ಓದೀ ಓದೀ ಕಣ್ಣು ಸೋತಿದ್ದವು. ಈಗ ಬದಿಗಣ್ಣಿನಲ್ಲಿ ಮಾತ್ರ ಒಂದಿಷ್ಟು ಕಾಣುತ್ತಿತ್ತು. ಕೊನೆಯ ಪುಸ್ತಕವನ್ನು ಅವರು ಬಾಯಲ್ಲಿ ಹೇಳುತ್ತ ಹೋಗಿದ್ದರು, ಅವರ ಹಳೆಯ ವಿದ್ಯಾರ್ಥಿಯೊಬ್ಬ ಟೈಪ್ ಮಾಡುತ್ತ ಬಂದಿದ್ದ.

"ಯಾವಾಗ ಕಳುವಾಯ್ತು?"

"ಶನಿವಾರ ಕಣ್ಣಿಗೆ ಇಂಜೆಕ್ಷನ್ ಇತ್ತು. ಎಂಟಕ್ಕೆ ಮನೆ ಬಿಟ್ಟೆ, ಇವಳ ಜೊತೆ. ಬಂದಿದ್ದು ಮಧ್ಯಾಹ್ನ. ಅವತ್ತಿಡೀ ಕಣ್ಣಿಗೆ ಪಟ್ಟಿ. ಭಾನುವಾರ ಬೆಳಿಗ್ಗೆ ಮೇಜು ತಡವಿದೆ, ಕಟ್ಟು ಇರಲಿಲ್ಲ. ಬೀರು ಮೇಲೆ ಡಬ್ಬಿಯಲ್ಲಿದ್ದ ಹಾರ್ಡ್ ಡಿಸ್ಕೂ ಇರಲಿಲ್ಲ. ರಾತ್ರಿ ಇವಳು ಕಂಪ್ಯೂಟರ್ ತೆಗೆದು ನೋಡಿದ್ರೆ, ಅದರಲ್ಲಿದ್ದದ್ದನ್ನೂ ಅಳಿಸಿದ್ದಾರೆ."

"ಭಾನುವಾರವೇ ಯಾಕೆ ಬರಲಿಲ್ಲ?"

ತಂಗಿಯ ಮಗಳೇ ಹೇಳಿದಳು.

"ದೊಡ್ಡಮ್ಮ ತಾನೇ ಎಲ್ಲೋ ಇಟ್ಟು ಮರೆತಿದೀನಿ ಅಂದ್ಕೊಂಡ್ರು ಸರ್. ಇಡೀ ದಿನ ಮನೆ ಹುಡುಕಿದ್ವಿ. ತನ್ನ ತಲೇನ ತಾನೇ ಬೈಕೊಂಡು ಅತ್ರು. ಇವರು ಅತ್ತಿದ್ದು ನಾನು ನೋಡಿದ್ದು ಅದೇ ಮೊದಲು."

"ಬೇಡದ ಮಾತು ಯಾಕೆ," ಎಂದರು ಪ್ರೊಫೆಸರ್. ಆಮೇಲೆ ಇನ್‌ಸ್ಪೆಕ್ಟರ ಕಡೆ ತಿರುಗಿ, "ಶನಿವಾರ ಇಂಜೆಕ್ಷನ್ ಇತ್ತು. ಹತ್ತಕ್ಕೆ ಮನೆ ಬಿಟ್ಟೆ," ಎಂದರು.

ಬರೆಯುತ್ತಿದ್ದ ಕಾನ್‌ಸ್ಟೇಬಲ್ ತಲೆಯೆತ್ತಿದಳು. ತಂಗಿಯ ಮಗಳು ಮೆಲ್ಲಗೆ ಎಂಟು ಎಂದು ಬೆರಳಿನಲ್ಲಿ ತೋರಿಸಿದಳು. ಗಾಬರಿಯಲ್ಲಿ ಹಾಗಾಗುವುದುಂಟು ಎಂದುಕೊಂಡು ಇನ್‌ಸ್ಪೆಕ್ಟರ್ ಮುಂದಿನ ಪ್ರಶ್ನೆಗೆ ಹೋದರು.

ಹಸ್ತಪ್ರತಿಯನ್ನು ಬುಧವಾರ ಪ್ರಕಾಶಕರಿಗೆ ಒಪ್ಪಿಸಬೇಕಿತ್ತು. ಶತ್ರುಗಳು ಯಾರಾದರೂ ಇದ್ದಾರೆಯೇ ಎಂದು ಕೇಳಿದ್ದಕ್ಕೆ ಪ್ರೊಫೆಸರ್ ಹಿಂದೆಮುಂದೆ ನೋಡದೆ, "ಒಬ್ಬರಿದಾರೆ. ವಿಳಾಸ ಕೊಡ್ತೀನಿ," ಎಂದರು. ಹನ್ನೊಂದೂವರೆಗೆ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಸ್ಥಳ ಪಂಚನಾಮೆ ನಡೆಯಿತು. ಎದುರು ಮನೆಯ ದರ್ಜಿ ಮತ್ತು ಕೆಳಮಹಡಿಯ ಔಷಧಿ ಅಂಗಡಿಯವನು ಪಂಚರಾಗಿ ಬಂದರು. ಮೊದಲ ಮಹಡಿಯ ಮೂರು ಕೋಣೆಯ ಮನೆ. ಬೀಗ ಮುರಿದಿರಲಿಲ್ಲ, ಕಿಟಕಿಗಳ ಚಿಲಕ ಹಾಕಿದ ಹಾಗೇ ಇದ್ದವು. ಬೆಳ್ಳಿಯ ಲೋಟ, ಹೊಸ ಲ್ಯಾಪ್‌ಟಾಪ್, ಮೇಜಿನ ಖಾನೆಯಲ್ಲಿದ್ದ ಕೈಗಡಿಯಾರ ಯಾವುದನ್ನೂ ಮುಟ್ಟಿರಲಿಲ್ಲ. ಬೆರಳಚ್ಚಿನವರು ಪುಡಿ ಹಚ್ಚಿ ನೋಡಿದರು. ಸಿಕ್ಕಿದ್ದೆಲ್ಲ ಮನೆಗೆ ದಿನವೂ ಬರುವವರದೇ ಗುರುತು.

ಬೀರು ಎತ್ತರದ್ದು. ಹೆಡ್ ಕಾನ್‌ಸ್ಟೇಬಲ್ ಮನೆಯಲ್ಲೆಲ್ಲ ಕಣ್ಣಾಡಿಸಿ, ಕಿಟಕಿಯ ಪಕ್ಕದಲ್ಲಿದ್ದ ಮರದ ಸ್ಟೂಲನ್ನು ಎಳೆದು ತಂದು, ಹತ್ತಿ, ಡಬ್ಬಿ ಇದ್ದ ಜಾಗವನ್ನು ಅಳೆದ. ಇಳಿದವನು ಸ್ಟೂಲನ್ನು ಅಲ್ಲೇ ಬಿಟ್ಟ. ಅಷ್ಟರಲ್ಲಿ ಪ್ರೊಫೆಸರ್ ಅಡುಗೆಮನೆಯಿಂದ ಎಲ್ಲರಿಗೂ ನೀರು ತರುತ್ತಿದ್ದರು. ಸ್ವಂತ ಮನೆಯಲ್ಲಿ ಅವರು ಕೋಲು ಹಿಡಿಯುತ್ತಿರಲಿಲ್ಲ. ನೇರ ನಡೆದು ಬಂದವರ ಮೊಣಕಾಲು ಸ್ಟೂಲಿಗೆ ತಾಗಿತು. ಮಹಿಳಾ ಕಾನ್‌ಸ್ಟೇಬಲ್ ಹಾರಿ ಹೋಗಿ ಹಿಡಿದುಕೊಳ್ಳದಿದ್ದರೆ ಮುಗ್ಗರಿಸಿ ಬೀಳುತ್ತಿದ್ದರು. ಲೋಟಗಳು ಉರುಳಿದವು.

"ಸ್ಟೂಲ್ ಜಾಗ ಬಿಟ್ಟು ಬಂದಿದೆ," ಎಂದರು ಪ್ರೊಫೆಸರ್, ಉಸಿರು ಸುಧಾರಿಸಿಕೊಳ್ಳುತ್ತ. "ಅದರ ಜಾಗ ಕಿಟಕಿ ಹತ್ರ. ಶನಿವಾರ ಆಸ್ಪತ್ರೆಯಿಂದ ಬಂದಾಗಲೂ ಅಲ್ಲೇ ಇತ್ತು, ತಡವಿ ಅದರ ಮೇಲೇ ಕೂತಿದ್ದೆ."

ಇನ್‌ಸ್ಪೆಕ್ಟರ್ ಕಿಟಕಿಯ ಬಳಿ ಹೋಗಿ ಬಗ್ಗಿ ನೋಡಿದರು. ನೆಲದ ಮೇಲೆ ನಾಲ್ಕು ಕಡೆ ಕಪ್ಪು ಟೇಪಿನ ಸಣ್ಣ ತುಂಡುಗಳು, ಸ್ಟೂಲಿನ ನಾಲ್ಕು ಕಾಲಿಗೆ. ಕುರ್ಚಿಗೂ, ಟೀಪಾಯಿಗೂ ಹಾಗೇ ಗುರುತು ಹಾಕಿತ್ತು.

"ಸ್ಟೂಲನ್ನ ಎಳೆಯೋಕೆ ಮುಂಚೆ ಅದು ಗುರುತಿನ ಮೇಲೇ ಇತ್ತಾ?" ಎಂದು ಹೆಡ್ ಕಾನ್‌ಸ್ಟೇಬಲನ್ನು ಕೇಳಿದರು.

"ಇತ್ತು ಸರ್. ಫೋಟೋ ಇದೆ. ಒಂದಿಂಚೂ ಆಕಡೆ ಈಕಡೆ ಇರಲಿಲ್ಲ."

"ಕಳ್ಳ ಇದನ್ನ ಹತ್ತದೆ ಡಬ್ಬಿ ತೆಗೆಯೋಕಾಗಲ್ಲ. ಅಂದ್ರೆ ಹತ್ತಿದಾನೆ, ತೆಗೆದಿದಾನೆ, ಆಮೇಲೆ ಸ್ಟೂಲ್‌ನ ತಗೊಂಡು ಹೋಗಿ ಗುರುತಿನ ಮೇಲೆ ಇಟ್ಟಿದಾನೆ." ಇನ್‌ಸ್ಪೆಕ್ಟರ್ ದನಿ ತಗ್ಗಿಸಿದರು. "ಕದಿಯೋಕೆ ಬಂದೋನಿಗೆ ಈಯಮ್ಮ ಬೀಳ್ತಾರೆ ಅನ್ನೋ ಚಿಂತೆ ಇತ್ತು."

ಟೇಪಿನ ವಿಷಯ ಗೊತ್ತಿದ್ದವರು ಮೂವರು: ಮನೆಗೆಲಸದಾಕೆ, ತಂಗಿಯ ಮಗಳು, ಟೈಪ್ ಮಾಡುತ್ತಿದ್ದ ವಿದ್ಯಾರ್ಥಿ. ಮೂವರ ಹತ್ತಿರವೂ ಕೀಲಿ ಇತ್ತು.

ತಂಗಿಯ ಮಗಳು ಆಸ್ಪತ್ರೆಯಲ್ಲಿದ್ದದ್ದಕ್ಕೆ ಅಲ್ಲಿನ ನರ್ಸ್ ಸಾಕ್ಷಿ. ಕೆಲಸದಾಕೆ ಶನಿವಾರ ತನ್ನ ಅಕ್ಕನ ಬಾಣಂತನಕ್ಕೆ ಹೋಗಿದ್ದಳು. ಇಡೀ ವಠಾರ ಅದನ್ನು ಹೇಳಿತು. "ಅಮ್ಮಾವ್ರ ಪುಸ್ತಕ ನಾನ್ಯಾಕೆ ತಗೊಳ್ಳಲಿ ಸ್ವಾಮಿ, ದಿನಾ ಅದರ ಧೂಳು ಒರೆಸೋದೇ ಸಾಕಾಗಿದೆ," ಎಂದು ಆಕೆ ನೇರವಾಗಿ ಹೇಳಿದಳು.

ಉಳಿದವನು ವಿದ್ಯಾರ್ಥಿ. ವಿದ್ಯಾರ್ಥಿ ಎನ್ನುವುದು ಹೆಸರಿಗಷ್ಟೇ. ವಯಸ್ಸು ನಲವತ್ತೆರಡು, ಅದೇ ವಿಭಾಗದಲ್ಲಿ ಈಗ ಉಪನ್ಯಾಸಕ. ಯಾವ ಮಾತಿಗೂ ಆಧಾರ ಕೇಳುವ ಅಭ್ಯಾಸವಿದ್ದುದರಿಂದ ಪ್ರೊಫೆಸರ್ ಅವನಿಗೆ 'ಅಡಿಟಿಪ್ಪಣಿ' ಎಂದು ಹೆಸರಿಟ್ಟಿದ್ದರು. ಎಂಟು ವರ್ಷದಿಂದ ಪ್ರತಿ ಮಧ್ಯಾಹ್ನ ಬಂದು ಅವರಿಗೆ ಓದಿ ಹೇಳುತ್ತಿದ್ದ. ಟೇಪಿನ ಗುರುತುಗಳನ್ನು ಹಾಕಿದವನೂ ಅವನೇ.

ಮಂಗಳವಾರ ಬೆಳಿಗ್ಗೆ ಅವನನ್ನು ಠಾಣೆಗೆ ಕರೆಸಿದರು.

"ಶನಿವಾರ ಬೆಳಿಗ್ಗೆ ಎಲ್ಲಿದ್ರಿ?"

"ವಿಭಾಗದಲ್ಲಿ. ಉತ್ತರಪತ್ರಿಕೆ ನೋಡ್ತಿದ್ದೆ."

"ಯಾರಾದ್ರೂ ಜೊತೆಗಿದ್ರಾ?"

"ಇಲ್ಲ. ಒಬ್ಬನೇ."

"ಭಾನುವಾರ?"

"ಮೇಡಂ ಮನೇಲಿ. ಹುಡುಕೋಕೆ ಸಹಾಯ ಮಾಡ್ದೆ."

"ಎಲ್ಲೆಲ್ಲಿ ಹುಡುಕಿದ್ರಿ?"

"ಮಂಚದ ಕೆಳಗೆ," ಎಂದ. ಎಲ್ಲದಕ್ಕೂ ಆಧಾರ ಕೇಳುವವನು ಕಾಗದವನ್ನು ಓದದೆಯೇ ಸಹಿ ಹಾಕಿದ್ದನ್ನು ಮಹಿಳಾ ಕಾನ್‌ಸ್ಟೇಬಲ್ ಗಮನಿಸಿದಳು. ಹಿಡಿದಿಡುವಷ್ಟು ಆಧಾರ ಇನ್ನೂ ಇರಲಿಲ್ಲ. ಇನ್‌ಸ್ಪೆಕ್ಟರ್ ಅವನನ್ನು ಕಳಿಸಿದರು.

"ಇವರೇ ಸರ್," ಎಂದಳು ಕಾನ್‌ಸ್ಟೇಬಲ್.

"ಇರಬಹುದು. ಆದ್ರೆ ಯಾಕೆ? ತನ್ನ ಕೈಯಾರೆ ಟೈಪ್ ಮಾಡಿದ್ದನ್ನ ತಾನೇ ಕದಿಯೋದು ಯಾಕೆ? ತನ್ನ ಹೆಸರಲ್ಲಿ ಹಾಕ್ಕೊಳೋಕಾ?"

"ಹಾಗಿದ್ರೆ ಪ್ರತಿ ಮಾಡ್ಕೊಂಡು ಸುಮ್ಮನಿರ್ತಿದ್ರು ಸರ್. ಪೊಲೀಸ್ ಬರೋ ಹಾಗೆ ಮಾಡ್ತಿರಲಿಲ್ಲ."

ಈ ಮಾತು ಇನ್‌ಸ್ಪೆಕ್ಟರಿಗೆ ಸರಿ ಎನಿಸಿತು. ಅವರು ಜೀಪು ತರಿಸಿದರು.

ಮೊದಲು ಹೋದದ್ದು ವಿಶ್ವವಿದ್ಯಾಲಯಕ್ಕೆ. ಗೇಟಿನ ಕಾವಲುಗಾರನನ್ನು ವಿಚಾರಿಸಿದರೆ, ಶನಿವಾರ ಆ ಕಟ್ಟಡದಲ್ಲಿ ವಿದ್ಯುತ್ ತಂತಿ ಬದಲಾಯಿಸುವ ಕೆಲಸವಿತ್ತು, ಬೆಳಿಗ್ಗೆಯಿಂದ ಸಂಜೆವರೆಗೆ ಯಾರನ್ನೂ ಒಳಗೆ ಬಿಟ್ಟಿರಲಿಲ್ಲ ಎಂದ. ಉಪನ್ಯಾಸಕ ಹೇಳಿದ್ದು ಸುಳ್ಳು.

ಅಲ್ಲಿಂದ ಪ್ರೊಫೆಸರ್ ಕೊಟ್ಟಿದ್ದ ಶತ್ರುವಿನ ವಿಳಾಸಕ್ಕೆ. ಅವರೂ ನಿವೃತ್ತ ಪ್ರೊಫೆಸರ್, ಅದೇ ವಿಷಯದವರು. ಕುರ್ಚಿಯ ಮೇಲಿದ್ದ ಪುಸ್ತಕಗಳನ್ನು ನೆಲಕ್ಕಿಳಿಸಿ ಪೊಲೀಸರಿಗೆ ಜಾಗ ಮಾಡಿಕೊಟ್ಟರು. ಸಂಗತಿ ಕೇಳಿ ಅವರ ಮುಖ ಇಳಿದುಹೋಯಿತು.

"ನಿಮಗೂ ಅವರಿಗೂ ಆಗಲ್ಲವಂತೆ?"

"ಮೂವತ್ತು ವರ್ಷದಿಂದ ಆಗಲ್ಲ. ಆ ಕಾಲದಲ್ಲಿ ಬಡ ಹೆಂಗಸೂ ನ್ಯಾಯಾಲಯಕ್ಕೆ ಬಂದು ತನ್ನ ಹಕ್ಕು ಕೇಳ್ತಿದ್ಲು ಅಂತ ಅವರು ಬರೆದ್ರು. ಬಂದವರು ದಾಖಲೆಯಲ್ಲಿ ಸಿಕ್ತಾರೆ, ಬರೋಕೆ ಧೈರ್ಯ ಸಾಲದೇ ಮನೇಲೇ ಉಳಿದವರು ಎಲ್ಲಿ ಸಿಕ್ತಾರೆ ಅಂತ ನಾನು ಕೇಳ್ದೆ. ಅಷ್ಟೇ ಜಗಳ. ಅದರ ಮೇಲೆ ನಾವಿಬ್ಬರೂ ತಲಾ ನಾಲ್ಕು ಪುಸ್ತಕ ಬರೆದ್ವಿ."

"ಈ ಪುಸ್ತಕ ಬರದಿದ್ರೆ ನಿಮಗೆ ಲಾಭ ಅಲ್ವಾ?"

"ನನಗಾ? ಇದಕ್ಕೆ ಉತ್ತರ ಬರೀಬೇಕು ಅಂತ ತಾನೆ ಇನ್ನೂ ಬದುಕಿದೀನಿ. ಅವರಿಲ್ದೆ ನಾನು ಯಾರ ಜೊತೆ ಜಗಳ ಆಡ್ಲಿ?"

ಮಹಿಳಾ ಕಾನ್‌ಸ್ಟೇಬಲ್ ನಗು ತಡೆದುಕೊಂಡಳು. ಮುದುಕರು ಮಾತ್ರ ನಗಲಿಲ್ಲ. ಹೇಳಲೋ ಬೇಡವೋ ಎಂದು ಕನ್ನಡಕ ತೆಗೆದು ಒರೆಸಿದರು.

"ಎರಡು ತಿಂಗಳ ಹಿಂದೆ ಪ್ರಕಾಶಕರು ಅಭಿಪ್ರಾಯಕ್ಕೆ ಅಂತ ಕೆಲವು ಅಧ್ಯಾಯ ಕಳಿಸಿದ್ರು. ಚರ್ಮ ಹದ ಮಾಡೋನ ವಿಧವೆಯೊಬ್ಬಳ ಮೊಕದ್ದಮೆ ಮೂರನೇ ಅಧ್ಯಾಯದಲ್ಲಿದೆ. ಏಳನೇ ಅಧ್ಯಾಯದಲ್ಲಿ ಅದೇ ವಿಧವೆ, ಅದೇ ಮಾತು, ಬೇರೆ ಊರು, ಬೇರೆ ವರ್ಷ. ಹಿಜರಿ ವರ್ಷನ ನಮ್ಮ ಲೆಕ್ಕಕ್ಕೆ ತರೋದ್ರಲ್ಲೂ ಮೂರು ಕಡೆ ತಪ್ಪು. ಆಕೆ ಅಂಥ ತಪ್ಪು ಮಾಡೋರಲ್ಲ ಇನ್‌ಸ್ಪೆಕ್ಟರೇ. ಮಾಡೋರೇ ಅಲ್ಲ."

"ಯಾರಿಗಾದ್ರೂ ಹೇಳಿದ್ರಾ?"

"ಅವರಿಗೆ ಟೈಪ್ ಮಾಡಿಕೊಡೋ ಆ ಹುಡುಗನಿಗೆ ಫೋನ್ ಮಾಡ್ದೆ. ಅವನಿಗೆ ನನಗಿಂತ ಮುಂಚೇನೇ ಗೊತ್ತಿತ್ತು. 'ಯಾರ ಹತ್ರಾನೂ ಹೇಳ್ಬೇಡಿ ಸರ್, ನಾನು ನೋಡ್ಕೋತೀನಿ' ಅಂದ. ಅತ್ತ ಅಂತ ಕಾಣುತ್ತೆ."

ಜೀಪು ಠಾಣೆಯ ಕಡೆ ತಿರುಗಿತು. ಕಾನ್‌ಸ್ಟೇಬಲ್, "ಎಂಟಕ್ಕೆ ಹೊರಟೆ ಅಂದವರು ಹತ್ತಕ್ಕೆ ಅಂದ್ರಲ್ಲ ಸರ್," ಎಂದಳು.

"ಹೂಂ," ಎಂದರು ಇನ್‌ಸ್ಪೆಕ್ಟರ್.

ಗುರುವಾರ ಬೆಳಿಗ್ಗೆ ಶೋಧನಾ ವಾರಂಟಿನೊಂದಿಗೆ ಉಪನ್ಯಾಸಕನ ಮನೆಗೆ ಹೋದರು. ಬಾಗಿಲು ತೆರೆದವನು ಅಡ್ಡ ನಿಲ್ಲಲಿಲ್ಲ. ಹಸ್ತಪ್ರತಿಯನ್ನು ಅವನು ಅಡಗಿಸಿಟ್ಟಿರಲಿಲ್ಲ. ಓದುವ ಮೇಜಿನ ಮೇಲೆ ತೆರೆದೇ ಇತ್ತು, ಪಕ್ಕದಲ್ಲಿ ಹಾರ್ಡ್ ಡಿಸ್ಕ್. ಐದನೇ ಅಧ್ಯಾಯದವರೆಗೆ ಅಂಚಿನಲ್ಲಿ ಪೆನ್ಸಿಲಿನ ಸಣ್ಣಕ್ಷರದ ತಿದ್ದುಪಡಿಗಳಿದ್ದವು. ಪಂಚರ ಎದುರು ಎಲ್ಲವನ್ನೂ ವಶಪಡಿಸಿಕೊಂಡು ಮೊಹರು ಮಾಡಿದರು.

"ಇದನ್ನ ನೀವೇ ತಂದಿದ್ದಾ?"

"ನಾನೇ."

"ಏನು ಮಾಡ್ಬೇಕು ಅಂತಿದ್ರಿ?"

"ತಿದ್ದಿ ಮುಗಿಸಿ, ಅಲ್ಲೇ ಎಲ್ಲಾದ್ರೂ ಪುಸ್ತಕಗಳ ಹಿಂದೆ ಇಟ್ಟು, ಸಿಕ್ತು ಅಂತ ಹೇಳ್ಬೇಕು ಅಂತಿದ್ದೆ. ಬುಧವಾರ ಅದು ಹಾಗೇ ಅಚ್ಚಿಗೆ ಹೋಗಿದ್ರೆ ಜನ ನಗ್ತಿದ್ರು. ನಲವತ್ತು ವರ್ಷದ ಹೆಸರು ಸರ್."

"ಅವರಿಗೆ ಒಂದು ಮಾತು ಹೇಳೋಕಾಗಲಿಲ್ವಾ?"

"ಒಂದ್ಸಲ ಶುರು ಮಾಡ್ದೆ. 'ನಿನ್ನ ಕೆಲಸ ಬರೆಯೋದು, ತಿದ್ದೋದಲ್ಲ' ಅಂದ್ರು. ಆಮೇಲೆ ಬಾಯಿ ಬರಲಿಲ್ಲ."

"ಭಾನುವಾರ ಅವರು ಅತ್ತಾಗಲೂ ಬರಲಿಲ್ವಾ?" ಎಂದಳು ಮಹಿಳಾ ಕಾನ್‌ಸ್ಟೇಬಲ್. ತನಿಖೆಯಲ್ಲಿ ಅವಳು ತಾನಾಗಿ ಕೇಳಿದ ಮೊದಲ ಪ್ರಶ್ನೆ ಅದು.

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಬೆಳಿಗ್ಗೆ ಹತ್ತು ಗಂಟೆಗೆ ಅವನನ್ನು ಬಂಧಿಸಲಾಯಿತು.

ವಿಷಯ ತಿಳಿದು ಪ್ರೊಫೆಸರ್ ಠಾಣೆಗೆ ಬಂದರು. ತಂಗಿಯ ಮಗಳ ಕೋಪ ನೆತ್ತಿಗೇರಿತ್ತು. "ಇವನ ಮುಖ ನೋಡಲ್ಲ ನಾನು," ಎಂದು ಹೊರಗೆ ನಿಂತಳು. ಇನ್‌ಸ್ಪೆಕ್ಟರ್ ತಮ್ಮ ಕೋಣೆಯಲ್ಲಿ ಪ್ರೊಫೆಸರಿಗೆ ಎಲ್ಲವನ್ನೂ ಹೇಳಿದರು. ಶತ್ರು ಹೇಳಿದ್ದನ್ನೂ ಬಿಡಲಿಲ್ಲ. ಅದನ್ನು ಹೇಳುವುದು ಅವರ ಇಡೀ ಸೇವೆಯಲ್ಲಿ ಕಷ್ಟದ ಕೆಲಸಗಳಲ್ಲೊಂದಾಗಿತ್ತು. ಪ್ರೊಫೆಸರ್ ಕೋಲಿನ ಹಿಡಿಯ ಮೇಲೆ ಎರಡೂ ಕೈಯಿಟ್ಟುಕೊಂಡು ಕೇಳಿದರು.

"ಕರೆಸಿ ಅವನನ್ನ," ಎಂದರು.

ಅವನು ಬಂದು ದೂರವೇ ನಿಂತ.

"ಎಷ್ಟು ಕಡೆ?"

"ಮೇಡಂ..."

"ಎಷ್ಟು ಕಡೆ ಕಣೋ ತಪ್ಪಿರೋದು?"

"ಐದನೇ ಅಧ್ಯಾಯದವರೆಗೆ ಹದಿನೇಳು."

ಪ್ರೊಫೆಸರ್ ಮುಖ ಬಿಳಿಚಿತು.

"ನನಗೆ ಅನುಮಾನ ಇತ್ತು," ಎಂದರು ಆಮೇಲೆ, ತುಂಬ ಸಣ್ಣ ದನಿಯಲ್ಲಿ. "ರಾತ್ರಿ ಮಲಗಿದಾಗ ಆ ಹೆಂಗಸರ ಮುಖಗಳು ಒಂದಕ್ಕೊಂದು ಬೆರೆತುಹೋಗ್ತಿದ್ವು. ಯಾರನ್ನಾದ್ರೂ ಕೇಳಿದ್ರೆ ಹೌದು ಅಂದ್ಬಿಟ್ಟಾರು ಅಂತ ಹೆದರಿ ಕೇಳಲಿಲ್ಲ. ನಾನೂ ಮುಚ್ಚಿಟ್ಟೆ, ನೀನೂ ಮುಚ್ಚಿಟ್ಟೆ. ಆದ್ರೆ ಭಾನುವಾರ ನೀನು ಮಾಡಿದ್ದು ಕ್ರೂರ. ನನ್ನ ತಲೆ ಪೂರ್ತಿ ಹೋಯ್ತು ಅಂತ ನಂಬಿಸಿದೆ."

"ಹೌದು ಮೇಡಂ," ಎಂದ ಅವನು.

ಪ್ರೊಫೆಸರ್ ಇನ್‌ಸ್ಪೆಕ್ಟರ ಕಡೆ ತಿರುಗಿದರು. "ದೂರು ವಾಪಸ್ ತಗೋಬಹುದಾ?"

"ಆಗಲ್ಲ ಮೇಡಂ. ಎಫ್‌ಐಆರ್ ಆದ್ಮೇಲೆ ಅದು ನನ್ನ ಕೈಯಲ್ಲೂ ಇಲ್ಲ, ನಿಮ್ಮ ಕೈಯಲ್ಲೂ ಇಲ್ಲ. ಕೋರ್ಟಿನ ಅನುಮತಿ ಇದ್ರೆ ರಾಜಿ ಆಗಬಹುದು."

"ನಾನು ಓದಿದ ನ್ಯಾಯಾಲಯಗಳಲ್ಲೂ ಅದಿತ್ತು. ಸುಲ್ಹ್ ಅಂತಿದ್ರು. ಎರಡೂ ಕಡೆಯೋರನ್ನ ಮಧ್ಯಸ್ಥರು ಕೂರಿಸಿ ಒಪ್ಪಿಸಿ, ಖಾಜಿ ಎದುರು ಬಂದು ಹೀಗೆ ಒಪ್ಪಿದೀವಿ ಅಂತ ಬರೆಸ್ತಿದ್ರು. ಸುಮ್ಮನೆ ಕ್ಷಮಿಸಿಬಿಡೋದಲ್ಲ ಅದು. ಷರತ್ತು ಇರುತ್ತೆ." ಸ್ವಲ್ಪ ಯೋಚಿಸಿ ಅವರೆಂದರು, "ಮಧ್ಯಸ್ಥರಾಗಿ ನನ್ನ ಶತ್ರುವನ್ನ ಕರೀರಿ. ಅವರಾದ್ರೆ ನನ್ನ ಪರ ವಹಿಸಲ್ಲ."

ಉಪನ್ಯಾಸಕನಿಗೆ ಜಾಮೀನು ಸಿಕ್ಕಿತು. ವಿಶ್ವವಿದ್ಯಾಲಯ ಅವನನ್ನು ಅಮಾನತಿನಲ್ಲಿಟ್ಟಿತು. ಅಷ್ಟರಲ್ಲಿ ಮಹಿಳಾ ಕಾನ್‌ಸ್ಟೇಬಲ್ ತನ್ನ ರಜೆಯ ದಿನ ಪ್ರೊಫೆಸರ ಮನೆಗೆ ಹೋಗಿ, ತಂಗಿಯ ಮಗಳನ್ನೂ ಹೊರಡಿಸಿ, ಅವರನ್ನು ನರರೋಗ ತಜ್ಞೆಯ ಬಳಿ ಕರೆದುಕೊಂಡು ಹೋದಳು. ರಕ್ತಪರೀಕ್ಷೆಯಲ್ಲಿ ಒಂದು ಜೀವಸತ್ವ ತೀರಾ ಕಡಿಮೆ ಇದ್ದದ್ದು ತಿಳಿಯಿತು. ವರ್ಷಗಟ್ಟಲೆ ನುಂಗುತ್ತಿದ್ದ ನಿದ್ದೆ ಮಾತ್ರೆಯೂ ಸೇರಿ ಮನಸ್ಸಿಗೆ ಮಂಜು ಕವಿಸಿತ್ತು.

"ಎಲ್ಲಾ ಮೊದಲಿನ ಹಾಗೆ ಆಗುತ್ತೆ ಅಂತ ಮಾತು ಕೊಡಲ್ಲ," ಎಂದರು ತಜ್ಞೆ. "ಆದ್ರೆ ಬಹಳಷ್ಟು ವಾಪಸ್ ಬರುತ್ತೆ. ಇನ್ನೂ ತಡ ಮಾಡಿದ್ರೆ ಬರ್ತಿರಲಿಲ್ಲ."

ಎರಡು ತಿಂಗಳ ನಂತರ ನ್ಯಾಯಾಧೀಶರ ಮುಂದೆ ರಾಜಿ ಅರ್ಜಿ ಬಂತು. ಷರತ್ತುಗಳನ್ನು ಶತ್ರುವೇ ಬರೆದಿದ್ದರು. ಇಡೀ ಪುಸ್ತಕವನ್ನು ಪ್ರೊಫೆಸರ್, ಉಪನ್ಯಾಸಕ, ತಾವು ಮೂವರೂ ಒಟ್ಟಿಗೆ ಕೂತು, ಮೂಲ ದಾಖಲೆಯ ಚಿತ್ರಗಳೊಂದಿಗೆ ಸಾಲುಸಾಲಾಗಿ ಹೋಲಿಸಬೇಕು. ತಪ್ಪು ಕಂಡವರು ತಪ್ಪೆಂದು ಬಾಯಿಬಿಟ್ಟು ಹೇಳಬೇಕು. ಭಾನುವಾರದ ನೋವಿಗೆ ಉಪನ್ಯಾಸಕ ತಂಗಿಯ ಮಗಳ ಎದುರೂ ಕ್ಷಮೆ ಕೇಳಬೇಕು. ನ್ಯಾಯಾಧೀಶರು ಅದನ್ನು ಎರಡು ಸಲ ಓದಿ, ಇಂಥ ರಾಜಿ ತಾವು ನೋಡಿಲ್ಲ ಎಂದು ಹೇಳಿ ಅನುಮತಿ ಕೊಟ್ಟರು. ಅಮಾನತು ರದ್ದಾಗಲು ಇನ್ನೂ ಕೆಲವು ವಾರ ಹಿಡಿಯಿತು. ತಂಗಿಯ ಮಗಳು ಕ್ಷಮೆ ಕೇಳಿಸಿಕೊಂಡು ಎದ್ದುಹೋದಳು. ಆದರೆ ಮರುವಾರದಿಂದ ಮಧ್ಯಾಹ್ನದ ಚಹಾ ಮೂರು ಲೋಟ ಮಾಡಿಡುವಂತೆ ಕೆಲಸದಾಕೆಗೆ ಹೇಳಿಹೋದಳು.

ಕಡತ ಮುಚ್ಚುವ ಮುನ್ನ ಇನ್‌ಸ್ಪೆಕ್ಟರ್ ಆರೋಪಿಯ ಹೇಳಿಕೆಯ ಕೊನೆಯ ಪುಟವನ್ನು ಇನ್ನೊಮ್ಮೆ ಓದಿದರು. ಅವನ ತಾಯಿ ಶಾಲಾ ಶಿಕ್ಷಕಿಯಾಗಿದ್ದರು. ಮರೆವು ಶುರುವಾದ ಹೊಸತರಲ್ಲಿ ಒಂದು ದಿನ ನೆಂಟರೆಲ್ಲ ಕೂತಿದ್ದಾಗ ಆಕೆ ಒಂದು ಸಂಗತಿಯನ್ನು ತಪ್ಪಾಗಿ ಹೇಳಿದರು. ಮಗ ನಗುತ್ತ, ಅಮ್ಮ ನಿನ್ನ ತಲೇಲಿ ಏನೂ ನಿಲ್ತಿಲ್ಲ, ಇದು ತಪ್ಪು ಎಂದುಬಿಟ್ಟ. ಅಲ್ಲಿಂದ ಮುಂದೆ ಆಕೆ ಜನರ ನಡುವೆ ಬಾಯಿ ಬಿಡಲೇ ಇಲ್ಲ. ಸಾಯುವವರೆಗೂ, ಕೇಳಿದರೆ ಹೂಂ, ಇಲ್ಲವೇ ಊಹೂಂ. ಆ ಒಂದು ಮಾತನ್ನು ಮತ್ತೊಬ್ಬ ಹೆಂಗಸಿಗೆ ಹೇಳುವುದಕ್ಕಿಂತ ಕಳ್ಳನಾಗುವುದು ಅವನಿಗೆ ಸುಲಭವೆನಿಸಿತ್ತು.

ನ್ಯಾಯಾಲಯದ ಆದೇಶದಂತೆ ಹಸ್ತಪ್ರತಿಯನ್ನೂ ಹಾರ್ಡ್ ಡಿಸ್ಕನ್ನೂ ಹಿಂದಿರುಗಿಸಲು ಇನ್‌ಸ್ಪೆಕ್ಟರ್ ಮತ್ತು ಮಹಿಳಾ ಕಾನ್‌ಸ್ಟೇಬಲ್ ಹೋದಾಗ ಸಂಜೆ ನಾಲ್ಕಾಗಿತ್ತು. ಒಳಗೆ ಆ ಮೂವರೂ ಬೇರೊಂದು ಲೇಖನ ಹಿಡಿದು ಆಗಲೇ ಅಭ್ಯಾಸ ಶುರುಮಾಡಿದ್ದರು. ಮೆಟ್ಟಿಲ ಮೇಲೇ ಮಾತು ಕೇಳಿಸುತ್ತಿತ್ತು.

"ಮೇಡಂ, ಈ ಸಾಲು ತಪ್ಪು." ಉಪನ್ಯಾಸಕನ ದನಿ ಗಟ್ಟಿಯಾಗೇನೂ ಇರಲಿಲ್ಲ, ಆದರೆ ಸ್ಪಷ್ಟವಾಗಿತ್ತು.

ಕರೆಗಂಟೆಯತ್ತ ಕೈ ಚಾಚಿದ್ದ ಕಾನ್‌ಸ್ಟೇಬಲ್ ಹಾಗೇ ನಿಂತಳು.

"ಎಲ್ಲಿ," ಎಂದರು ಪ್ರೊಫೆಸರ್. "ಇನ್ನೊಂದ್ಸಲ ಓದು."